ಎರಡು ಗರ್ನಾಲು, ಒಂದು ಗುಂಡು

ಬೆಟ್ಟದ ಮೇಲಿಂದ ಮಂದಿ ಇಳಿದು ಬರುತ್ತಿದ್ದರು. ಒಬ್ಬಿಬ್ಬರಲ್ಲ, ಕಾಫಿ ತೋಟದ ಎಲ್ಲ ಕಾಲುದಾರಿಗಳಿಂದಲೂ ಬಿರಬಿರನೆ ಬರುತ್ತಿದ್ದರು. ಕೆಲವರು ಬಿಳಿ ಬಟ್ಟೆ ಉಟ್ಟಿದ್ದರು, ಕೆಲವರು ಸೊಂಟಕ್ಕೆ ಕಟ್ಟಿದ ಕಾಫಿ ಬುಟ್ಟಿಯನ್ನೂ ಬಿಚ್ಚಿರಲಿಲ್ಲ. ಶನಿವಾರ, ಸಂಜೆ ನಾಲ್ಕು ಗಂಟೆ. ನಾನು ನಮ್ಮ ಸಿನಿಮಾ ಟೆಂಟಿನ ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದೆ: "ನೋಡ್ರಿ, ಟೆಂಟು ತುಂಬಿ ಹೊರಗೂ ಮಂದಿ ನಿಲ್ಲತಾರ. ನಾ ಹೇಳಿದ್ದಿಲ್ಲೇನು?"

ಎಲ್ಲರಿಗಿಂತ ಮುಂದೆ ಬಂದವರು ಬೊಳ್ಳವ್ವ. ಟೆಂಟು ನಿಂತ ಗದ್ದೆ ಅವರದು, ನಾವಿದ್ದ ಕೋಣೆಯೂ ಅವರದು. ಅರವತ್ತು ದಾಟಿದ ಹೆಂಗಸು, ಕಾಲಲ್ಲಿ ಚಪ್ಪಲಿ ಇಲ್ಲದೆ ಓಡಿ ಬಂದಿದ್ದರು. ನನ್ನ ರಟ್ಟೆ ಹಿಡಿದು, ಉಸಿರು ಸಾಲದೆ, ಎರಡೇ ಮಾತು ಕೇಳಿದರು: "ಯಾರ ಮನೆಯಲ್ಲಿ?"

"ಮನಿಯಾಗಲ್ಲ್ರೀ ಅವ್ವಾ, ಇಲ್ಲೇ ಟೆಂಟಿನಾಗ. ಬರ್ರಿ, ಮುಂದ ಕುಂದರ್ರಿ" ಎಂದೆ ನಗುತ್ತಾ.

ಆ ನಗು ನೆನಪಾದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅದೇನಾಯಿತು ಅಂತ ಹೇಳುವ ಮೊದಲು ನನ್ನ ಗುರುತು ಹೇಳಬೇಕು, ಯಾಕೆಂದರೆ ಕೈಯಿಂದ ಕೈಗೆ ಹೋಗುವ ಈ ಕಾಗದ ಓದುವವರೆಲ್ಲ ನನ್ನ ಗೆಳತಿಯರೇನಲ್ಲ. ನಾನು ನವಲಗುಂದದ ಎರೆಭೂಮಿಯವಳು. ಕಣ್ಣು ಹಾಯಿಸಿದಷ್ಟು ದೂರ ಬಯಲನ್ನೇ ನೋಡಿ ಬೆಳೆದವಳು. ನಮ್ಮವರು ಟೂರಿಂಗ್ ಟಾಕೀಸಿನಲ್ಲಿ ಮಶೀನು ನಡೆಸುತ್ತಾರೆ. ಮದುವೆಯಾದ ಮರುವರ್ಷ ಟೆಂಟಿನ ಹಿಂದೆ ನಾನೂ ಹೊರಟೆ. ಬೊಂಬಾಯಿ ಇಲಾಖೆ ಬಿಟ್ಟು, ಮಹಾರಾಜರ ಮೈಸೂರು ದಾಟಿ, ಈಗ ಕಮಿಷನರ್ ಸಾಹೇಬರ ಕೊಡಗಿನಲ್ಲಿದ್ದೇವೆ. ಊರಿನ ಗೆಳತಿಯರು ಕಾಗದದ ಮೇಲೆ ಕಾಗದ ಹಾಕುತ್ತಾರೆ: ಹೊಸ ಚಿತ್ರ ಎಲ್ಲ ನೋಡುವವಳು ನೀನು, ನಾವು ಹುಬ್ಬಳ್ಳಿಗೆ ಹೋದಾಗ ಯಾವುದಕ್ಕೆ ಹೋಗಬೇಕು, ಯಾವುದಕ್ಕೆ ಹೋಗಬಾರದು, ಬರೆದು ತಿಳಿಸು ಅಂತ. ತಿಳಿಸುತ್ತೇನೆ. ಆದರೆ ಚಿತ್ರ ಯಾವುದು ಅನ್ನುವುದಕ್ಕಿಂತ ಅದನ್ನು ಯಾರಿಗೆ, ಯಾವಾಗ ತೋರಿಸಬೇಕು ಅನ್ನುವುದೇ ದೊಡ್ಡದು. ಇದನ್ನು ಇಲ್ಲಿನ ಕಕ್ಕಬೆ ಅನ್ನುವ ಊರಲ್ಲಿ ಕಲಿತೆ. ಕಲಿತ ರೀತಿ ಮಾತ್ರ ನನ್ನ ವೈರಿಗೂ ಬೇಡ.

ಟೆಂಟಿನಲ್ಲಿ ನನಗೂ ಒಂದು ಕೆಲಸವಿದೆ. ನಮ್ಮದು ಒಂದೇ ಮಶೀನು. ಒಂದು ರೀಲು ಮುಗಿದರೆ ಲಾಟೀನು ಹಚ್ಚಿ, ಇನ್ನೊಂದು ರೀಲು ಏರಿಸುವ ತನಕ ಮಂದಿ ಸುಮ್ಮನೆ ಕೂರಬೇಕು. ಬರುವ ಚಿತ್ರಗಳು ತಮಿಳು ಇಲ್ಲವೇ ಹಿಂದಿ, ಕನ್ನಡ ಮಾತಾಡುವ ಚಿತ್ರ ವರ್ಷಕ್ಕೊಂದು ಸಿಕ್ಕರೆ ಪುಣ್ಯ. ಅದಕ್ಕೆ ಆ ಬಿಡುವಿನಲ್ಲಿ ಒಬ್ಬರು ಎದ್ದು ನಿಂತು, ಇಲ್ಲಿ ತನಕ ಏನಾಯಿತು, ಯಾರು ಯಾರಿಗೆ ಏನೆಂದರು ಅಂತ ಕನ್ನಡದಲ್ಲಿ ಹೇಳಬೇಕು. ಮೊದಲು ಹೇಳುತ್ತಿದ್ದವನು ಹಾಸನದಲ್ಲಿ ಜ್ವರ ಹಿಡಿದು ಊರಿಗೆ ಹೋದ. ಅವತ್ತು ಮಂದಿ ಗಲಾಟೆ ಮಾಡಿದಾಗ ನಾನು ಸೆರಗು ಬಿಗಿದು ಎದ್ದು ನಿಂತೆ. ನಮ್ಮವರು ಕಣ್ಣು ಕಣ್ಣು ಬಿಟ್ಟರು. ಆವತ್ತಿನಿಂದ ಆ ಕೆಲಸ ನನ್ನದೇ. ಚಿತ್ರಗಳಿಗೆ ಕನ್ನಡದಲ್ಲಿ ಹೆಸರಿಡುವವಳೂ ನಾನೇ.

ಕೊಡಗಿಗೆ ಬಂದು ಮೊದಲು ಟೆಂಟು ಹೊಡೆದದ್ದು ಶನಿವಾರಸಂತೆಯಲ್ಲಿ. ಅಲ್ಲಿನ ಮಾತು ಹಾಸನದ ಕಡೆಯ ಮಾತಿನ ಹಾಗೇ ಇದೆ. ನನ್ನ "ಬರ್ರಿ, ಕುಂದರ್ರಿ" ಕೇಳಿ ನಕ್ಕರು, ಆದರೆ ಕೂತರು. ಆಟಕ್ಕೆ ಮೊದಲು ನಾವು ಎರಡು ಗರ್ನಾಲು, ಅಂದರೆ ಗುಂಡಿನಂತೆ ಸಿಡಿಯುವ ಮದ್ದು, ಹಾರಿಸುತ್ತಿದ್ದೆವು. ನಮ್ಮೂರಲ್ಲಿ ಮದುವೆ ದಿಬ್ಬಣ ಬಂದಾಗ ಹಾರಿಸುವುದಿಲ್ಲವೇ, ಅದೇ. ಸಂತೆಗೆ ಬಂದವರು ಸದ್ದು ಕೇಳಿ ಗಂಟುಮೂಟೆ ಕಟ್ಟಿಕೊಂಡು ಟೆಂಟಿಗೆ ಬರುತ್ತಿದ್ದರು. ಕೊಡಗು ನನ್ನ ಕೈಗೆ ಬಂದೇಬಿಟ್ಟಿತು ಅಂದುಕೊಂಡೆ.

ಆಗ ಮೈಸೂರಿನಿಂದ ಮಾಲಕರ ಕಾಗದ ಬಂತು. ಟೆಂಟನ್ನು ಕಕ್ಕಬೆಗೆ ಒಯ್ಯಿರಿ, ನಾಲ್ಕು ಶನಿವಾರ ನೋಡುತ್ತೇನೆ, ಅಷ್ಟರಲ್ಲಿ ಟೆಂಟು ತುಂಬದಿದ್ದರೆ ಬಿಚ್ಚಿ ಮೈಸೂರಿಗೆ ತನ್ನಿ, ಇನ್ನು ಈ ಟೆಂಟು ನಡೆಸುವುದಿಲ್ಲ. ಟೆಂಟು ಹೋದರೆ ನಮ್ಮವರ ಕೆಲಸ ಹೋಯಿತು, ನನ್ನದೂ ಹೋಯಿತು. ಆಗ ನಾನು ಆರು ತಿಂಗಳ ಬಸುರಿ.

ಕಕ್ಕಬೆಯೂ ಅದೇ ಕೊಡಗು, ಆದರೆ ಬೇರೆಯೇ ಲೋಕ. ನಮ್ಮೂರಲ್ಲಿ ಸೂರ್ಯ ನೆಲದಿಂದ ಏಳುತ್ತಾನೆ, ಇಲ್ಲಿ ಬೆಟ್ಟ ಹತ್ತಿ ಬರುವಷ್ಟರಲ್ಲಿ ಅರ್ಧ ಬೆಳಗು ಮುಗಿದಿರುತ್ತದೆ. ಬೊಳ್ಳವ್ವ ತಮ್ಮ ತೋಟದ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ನಡುವಿನ ಒಂದು ಕೋಣೆ ಕೊಟ್ಟರು. ಒಂದು ಕಡೆ ತಮಿಳು, ಇನ್ನೊಂದು ಕಡೆ ಮಲಯಾಳ, ಎದುರಿಗೆ ತುಳು, ನೀರಿನ ಹತ್ತಿರ ಅರೆಭಾಷೆ, ಬೊಳ್ಳವ್ವನ ಮನೆಯಲ್ಲಿ ಕೊಡವ ಮಾತು. ಇಷ್ಟು ಭಾಷೆಗಳ ನಡುವೆ ಎಲ್ಲರೂ ಎಲ್ಲರೊಂದಿಗೆ ಆಡುವುದು ಕನ್ನಡವೇ. ಆದರೆ ಅದು ನನ್ನ ಕನ್ನಡವಲ್ಲ. ನಾನು ಬಾಯಿ ತೆರೆದರೆ ಲೈನಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕನ್ನಡ ನನ್ನ ಹುಟ್ಟುಭಾಷೆ, ಅದನ್ನು ಕಲಿಸಲು ನನಗೆ ಪಕ್ಕದ ಕೋಣೆಯ ತಮಿಳಿನವಳು ಬೇಕಾಯಿತು.

ಊರಿಂದ ತರಿಸಿಕೊಂಡಿದ್ದ ಜೋಳದ ಹಿಟ್ಟು ಹದಿನೈದು ದಿನಕ್ಕೆ ತೀರಿತು. ಇಲ್ಲಿ ಮೂರು ಹೊತ್ತೂ ಅಕ್ಕಿ. ನಾವು ಮಾಂಸ ಮುಟ್ಟುವವರಲ್ಲ ಅಂತ ಗೊತ್ತಾದ ಮೇಲೆ ಬೊಳ್ಳವ್ವ ಬೇರೆ ಪಾತ್ರೆಯಲ್ಲಿ ಕಡಂಬುಟ್ಟು ಬೇಯಿಸಿ ಕಳಿಸಿದರು. ಅಕ್ಕಿತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುತ್ತಾರೆ, ಜೊತೆಗೆ ಕಾಡಿನ ಜೇನು. ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ತಿನ್ನುತ್ತಾ ತಿನ್ನುತ್ತಾ ರೊಟ್ಟಿ ಬಡಿಯುವ ಸದ್ದು ನೆನಪಾಗಿ ಗಳಗಳ ಅತ್ತುಬಿಟ್ಟೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಾ ಅಂತ ನಮ್ಮವ್ವ ಕಾಗದದಲ್ಲಿ ಬರೆಸುತ್ತಲೇ ಇದ್ದಳು. ಇಲ್ಲಿಯೂ ತಾಯಿಗೆ ಅವ್ವ ಅಂತಲೇ ಅನ್ನುತ್ತಾರೆ. ಲೈನಿನಲ್ಲಿ ಯಾರದೋ ಮಗು "ಅವ್ವಾ" ಅಂದರೆ ನಾನು ತಿರುಗಿ ನೋಡುತ್ತಿದ್ದೆ.

ಮೊದಲ ಎರಡು ಶನಿವಾರ ಟೆಂಟಿನಲ್ಲಿ ಮುಕ್ಕಾಲು ಪಾಲು ಬರೀ ಚಾಪೆ. ಶನಿವಾರಸಂತೆಯಲ್ಲಿ ಗರ್ನಾಲು ತೀರಿಹೋಗಿತ್ತು, ಅದಿಲ್ಲದ್ದಕ್ಕೇ ಹೀಗಾಗುತ್ತಿದೆ ಅಂತ ತೀರ್ಮಾನ ಮಾಡಿ ತರಿಸಿದವಳು ನಾನೇ. ಮೂರನೇ ಶನಿವಾರಕ್ಕೆ ಕರುಳು ಹಿಂಡುವ ಹೊಸ ಚಿತ್ರ ಬಂದಿತ್ತು. ನಾನಿಟ್ಟ ಹೆಸರು 'ತೊಟ್ಟಿಲ ಹಗ್ಗ'. ಮಧ್ಯಾಹ್ನ ಮೂರು ಗಂಟೆಗೆ ನಮ್ಮವರು ಗದ್ದೆಯ ಬದುವಿನ ಮೇಲೆ ಗರ್ನಾಲು ಇಟ್ಟು ಒಂದರ ಹಿಂದೆ ಒಂದು ಹಾರಿಸಿದರು. ಸುತ್ತಲ ಬೆಟ್ಟಗಳು ಆ ಸದ್ದನ್ನು ಎಷ್ಟು ಚೆನ್ನಾಗಿ ತಿರುಗಿ ಹೇಳಿದವು ಅಂದರೆ ನಾನು ಚಪ್ಪಾಳೆ ತಟ್ಟಿದೆ.

ಈಗ ಮೊದಲಿನ ಜಾಗಕ್ಕೆ ಬನ್ನಿ. ಬೊಳ್ಳವ್ವ ನನ್ನ ರಟ್ಟೆ ಹಿಡಿದಿದ್ದಾರೆ, ನಾನು ನಗುತ್ತಿದ್ದೇನೆ.

"ಇಲ್ಲಿ ಜೋಡಿ ಗುಂಡು ಹೊಡೆದರೆ ಸಾವು" ಎಂದರು ಅವರು. ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು. "ಒಂದು ಹೊಡೆದರೆ ಮನೆಗೆ ಗಂಡು ಹುಟ್ಟಿದೆ ಅಂತ. ಎರಡು ಹೊಡೆದರೆ ಒಬ್ಬರು ಹೋದರು ಅಂತ. ಸದ್ದು ಕೇಳಿದವರು ಕೈಯಲ್ಲಿರುವ ಕೆಲಸ ಬಿಟ್ಟು ಆ ಮನೆಗೆ ಹೋಗಬೇಕು. ನನ್ನ ಅಣ್ಣ ಆ ಬೆಟ್ಟದ ಆಚೆ ಇಪ್ಪತ್ತು ದಿನದಿಂದ ಜ್ವರದಲ್ಲಿ ಮಲಗಿದ್ದಾನೆ. ದಾರಿಯುದ್ದಕ್ಕೂ ನಾನು ಅಳುತ್ತಾ ಬಂದೆ. ನೀವು ಸಿನಿಮಾಕ್ಕೆ ಕರೆದದ್ದಾ?"

ಬೊಳ್ಳವ್ವ ನನ್ನ ಬಸುರು ಹೊಟ್ಟೆ ನೋಡಿದರು, ನಮ್ಮವರ ಮುಖ ನೋಡಿದರು, ಹೇಳಿದರು: "ಸೋಮವಾರ ಟೆಂಟು ಬಿಚ್ಚಿ. ಕೋಣೆಯೂ ಬೇಡ." ಮಂದಿ ಬಂದ ದಾರಿಯಲ್ಲೇ ವಾಪಸು ಹೋದರು. ಅವತ್ತು ಆಟ ನಡೆಯಲಿಲ್ಲ.

ನಮ್ಮವರು ಹಗ್ಗ ಸುತ್ತತೊಡಗಿದರು. "ಹೋಗೂಣು ನಡಿ. ನಿನ್ನ ಬಾಣಂತನಾನೂ ತವರಿನಾಗ ಆಕ್ಕೈತಿ" ಎಂದರು. ಖರೇ ಹೇಳುತ್ತೇನೆ, ನನಗೆ ಆಸೆಯಾಯಿತು. ಅವ್ವನ ಕೈಯ ರೊಟ್ಟಿ, ಬಯಲು, ನನ್ನ ಮಾತು ತಿಳಿಯುವ ಮಂದಿ. ಆದರೆ ಹಾಗೆ ಹೋದರೆ, ಬದುಕಿರುವವನ ಸಾವು ಸಾರಿ ಓಡಿಹೋದವರು ಅಂತ ಈ ಬೆಟ್ಟದಲ್ಲಿ ನಮ್ಮ ಹೆಸರು ಉಳಿಯುತ್ತದೆ. ಹುಟ್ಟುವ ಕೂಸಿಗೆ ಏನಂತ ಹೇಳಲಿ? ನಾನು ಹಟಮಾರಿ, ನಿಮಗೆ ಗೊತ್ತು. "ಹಗ್ಗ ಬಿಡ್ರಿ" ಎಂದೆ.

ಭಾನುವಾರ ಬೆಳಿಗ್ಗೆ ಬೊಳ್ಳವ್ವನ ಮನೆಗೆ ಹೋದರೆ ಅವರಿರಲಿಲ್ಲ, ಅಣ್ಣನ ಬಳಿ ಹೋಗಿದ್ದರು. ಬೆಟ್ಟ ಹತ್ತಿದೆ. ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಾ, ಕೂತಾಗಲೆಲ್ಲ ನನ್ನನ್ನೇ ಬೈದುಕೊಳ್ಳುತ್ತಾ ಹೋಗಿ ಮುಟ್ಟಿದೆ. ಅದು ಅವರ ಐನ್‌ಮನೆ, ಇಡೀ ಕುಟುಂಬದ ಹಿರೀಮನೆ. ಜಗಲಿಯ ಮಂಚದಲ್ಲಿ ಬೊಳ್ಳವ್ವನ ಅಣ್ಣ ಕುಟ್ಟಪ್ಪನವರು ಕಂಬಳಿ ಹೊದ್ದು ಮಲಗಿದ್ದರು. ಬರೀ ಮೂಳೆ, ಆದರೆ ಮೀಸೆಗೆ ಮಾತ್ರ ಜ್ವರ ಬಂದ ಹಾಗಿರಲಿಲ್ಲ. ಬೊಳ್ಳವ್ವ ನನ್ನನ್ನು ನೋಡಿ ಮುಖ ತಿರುಗಿಸಿದರು.

"ಯಾರದು?" ಎಂದರು ಕುಟ್ಟಪ್ಪನವರು. "ನಾನು ಸತ್ತ ಸುದ್ದಿ ಊರಿಗೆ ಕೊಟ್ಟವರಾ? ಬನ್ನಿ, ಬನ್ನಿ. ಎಷ್ಟು ಜನ ಬಂದಿದ್ದರು?"

ನಾನು ಅವರ ಕಾಲು ಹಿಡಿದೆ. "ತಪ್ಪಾತ್ರಿ ಯಪ್ಪಾ. ನಮ್ಮ ಕಡೆ ಅದು ಮದುವಿ ಸದ್ದು. ಕೇಳದ ಹಾರಿಸಿದ್ದು ನಂದ ತಪ್ಪು, ನಮ್ಮವರದಲ್ಲ."

"ಜನ ಎಷ್ಟು ಅಂತ ಹೇಳಿ ಮೊದಲು."

"ಗದ್ದಿ ತುಂಬಿತ್ತ್ರಿ."

"ಹಾಗಾದರೆ ಪರವಾಗಿಲ್ಲ" ಎಂದು ಅವರು ದಿಂಬಿಗೆ ಒರಗಿದರು. "ಅದೆಂತ ಸಿನಿಮಾ, ಹೇಳಿ ನೋಡುವ."

ನಾನು 'ತೊಟ್ಟಿಲ ಹಗ್ಗ' ಶುರು ಮಾಡಿದೆ. ಬೊಳ್ಳವ್ವ ಅಲ್ಲೇ ತಡೆದರು. "ಅಳುವ ಕಥೆ ಬೇಡ. ನಿನ್ನೆ ಅತ್ತದ್ದು ಸಾಕು."

ಆ ಮಾತು ನನ್ನ ತಲೆಗೆ ನೆಟ್ಟಗೆ ಹೋಯಿತು. ಹೆದರಿ ಅತ್ತವರ ಮುಂದೆ ಅಳುವ ಚಿತ್ರ ಹಿಡಿಯುವ ನನ್ನಂಥ ಪೆದ್ದಿ ಇನ್ನೊಬ್ಬಳಿರಲಿಕ್ಕಿಲ್ಲ. ರೀಲಿನ ಪೆಟ್ಟಿಗೆಯಲ್ಲಿ ಇನ್ನೊಂದು ಹೊಸ ಚಿತ್ರವಿತ್ತು, ನಗೆಯದು. ಅದಕ್ಕೆ ನಾನಿಟ್ಟ ಹೆಸರು 'ಮಾವನ ಛತ್ರಿ'. ಒಬ್ಬ ಜಿಪುಣ ಮಾವ, ಅವನ ಛತ್ರಿಯನ್ನು ಯಾರೂ ಮುಟ್ಟಬಾರದು, ಅದರ ಹಿಡಿಯೊಳಗೆ ಕಬ್ಬಿಣದ ಪೆಟ್ಟಿಗೆಯ ಬೀಗದ ಕೈ ಇದೆ. ಹೊಸ ಅಳಿಯ ರೈಲು ಸ್ಟೇಷನ್ನಿನಲ್ಲಿ ಅದನ್ನು ತನ್ನದೆಂದು ಎತ್ತಿಕೊಂಡು ಹೋಗುತ್ತಾನೆ. ನಾನು ಜಗಲಿಯ ಮೇಲೆ ಎದ್ದು ನಿಂತು ಮಾವನಾದೆ, ಅಳಿಯನಾದೆ, ಛತ್ರಿ ಹುಡುಕುವ ಪೊಲೀಸಿನವನಾದೆ. ಆರು ತಿಂಗಳ ಬಸುರಿ ಪೊಲೀಸಿನವನು. ಕುಟ್ಟಪ್ಪನವರು ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ಬೊಳ್ಳವ್ವ ಎದ್ದು ಒಳಗೆ ಹೋದರು. ಸಿಟ್ಟಾದರು ಅಂದುಕೊಂಡೆ. ಮೂರು ಲೋಟ ಬೆಲ್ಲದ ಕಾಫಿ ತಂದು, ನನ್ನ ಎದುರು ಕೂತು, "ಆಮೇಲೆ?" ಎಂದರು.

"ಆಮ್ಯಾಲಿಂದು ಶನಿವಾರ ನೋಡ್ರಿ ಅವ್ವಾ. ಈಗ ಹೇಳಿದರ ಆವಾಗ ನಗಿ ಬರೂದಿಲ್ಲ."

ಬೊಳ್ಳವ್ವ ಅಣ್ಣನ ಮುಖ ನೋಡಿದರು. "ಶನಿವಾರದವರೆಗೆ ನಿನ್ನ ಗದ್ದೆ ಎಲ್ಲಿಗೂ ಓಡುವುದಿಲ್ಲ" ಎಂದರು ಕುಟ್ಟಪ್ಪನವರು.

"ಸದ್ದು ಮಾಡಬಾರದು" ಎಂದರು ಬೊಳ್ಳವ್ವ ನನಗೆ. "ಜನ ಬೇಕಾದರೆ ಮನೆಮನೆಗೆ ಹೋಗಿ ಕರೆಯಿರಿ ಮಾರಾಯ್ತಿ. ಮೊದಲು ತಪ್ಪಾಯಿತು ಅಂತ ಹೇಳಬೇಕು. ಆಮೇಲೆ ಕರೆಯಬೇಕು."

ಐದು ದಿನ ನಡೆದೆ. ಪ್ರತಿ ಮನೆಯ ಮೆಟ್ಟಿಲ ಮೇಲೆ ಕೂತು ಮೊದಲು ತಪ್ಪು ಒಪ್ಪಿಕೊಂಡೆ, ಆಮೇಲೆ ಛತ್ರಿ ಅದಲುಬದಲಾಗುವ ತನಕ ಮಾತ್ರ ಕಥೆ ಹೇಳಿದೆ. ಕೆಲವರು ಒಳಗೆ ಕರೆದು ಹಣ್ಣು ಕೊಟ್ಟರು, ಒಬ್ಬರು ಬಾಗಿಲು ಹಾಕಿಕೊಂಡರು. ಲೈನುಗಳಲ್ಲಿ ನನ್ನ ತಮಿಳು ನೆರೆಯವಳು ತಮಿಳಿನಲ್ಲಿ ಹೇಳಿದಳು, ಅದನ್ನು ಕೇಳಿದವಳು ಮಲಯಾಳದಲ್ಲಿ ಹೇಳಿದಳು. ಗುರುವಾರ ಒಂದು ಮನೆಗೆ ಹೋದರೆ ಮನೆಯಾಕೆ ನನಗೇ ಕಥೆ ಹೇಳಿದಳು. ಅವಳ ಕಥೆಯಲ್ಲಿ ಮಾವನಿಗೆ ಎರಡು ಛತ್ರಿ, ಒಂದು ನಾಯಿ. ನಾಯಿ ನಮ್ಮ ಚಿತ್ರದಲ್ಲಿಲ್ಲ, ಆದರೆ ನಾನು ಇಲ್ಲ ಅನ್ನಲಿಲ್ಲ.

ನಾಲ್ಕನೇ ಶನಿವಾರ, ಕೊನೆಯ ಶನಿವಾರ. ಹೊತ್ತು ಇಳಿಯುವ ಮೊದಲೇ ಚಾಪೆ ತುಂಬಿತು, ಬೆಂಚು ತುಂಬಿತು. ಆಮೇಲೆ ಹೊರಗೆ ನಗು ಕೇಳಿತು. ನಾಲ್ಕು ಜನ ಒಂದು ಕುರ್ಚಿಯನ್ನು ಹೊತ್ತು ತರುತ್ತಿದ್ದರು, ಅದರಲ್ಲಿ ಕಂಬಳಿ ಹೊದ್ದ ಕುಟ್ಟಪ್ಪನವರು. "ಸತ್ತವನು ಬಂದಿದ್ದೇನೆ, ದಾರಿ ಬಿಡಿ" ಎಂದು ಅವರು ಕೈ ಎತ್ತಿದರು. ಇಡೀ ಟೆಂಟು ನಕ್ಕಿತು. ಚಿತ್ರ ಇನ್ನೂ ಶುರುವಾಗಿರಲಿಲ್ಲ. ನಾನು ಮಶೀನಿನ ಹಿಂದೆ ಹೋಗಿ ನಮ್ಮವರ ಭುಜಕ್ಕೆ ಹಣೆ ಒತ್ತಿ ಅತ್ತೆ.

ಮೊದಲ ರೀಲು ಮುಗಿದು ಲಾಟೀನು ಹತ್ತಿದಾಗ ನಾನು ಎದ್ದು "ಎಲ್ಲಾರೂ ಕುಂದರ್ರಿ" ಎಂದೆ. ಇಡೀ ಟೆಂಟು ಒಂದೇ ದನಿಯಲ್ಲಿ "ಕುಂದರ್ರಿ" ಎಂದಿತು. ನನ್ನ ಮಾತನ್ನು ನನಗೇ ತಿರುಗಿ ಹೇಳಿದರು, ಪ್ರೀತಿಯಿಂದ. ನಾನು ಈ ಊರಿನಲ್ಲಿ ಗೆದ್ದೆ, ಗೆಳತಿಯರೇ. ಇದನ್ನು ಸಣ್ಣ ಅಕ್ಷರದಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಹೊರಗೂ ಮಂದಿ ನಿಂತಿದ್ದರು.

ಮರುವಾರ 'ತೊಟ್ಟಿಲ ಹಗ್ಗ' ಹಾಕಿದೆವು. ಎಲ್ಲರಿಗಿಂತ ಮುಂದೆ ಕೂತು, ತಲೆಗೆ ಕಟ್ಟಿದ ವಸ್ತ್ರದ ತುದಿಯಿಂದ ಕಣ್ಣು ಮೂಗು ಒರೆಸುತ್ತಾ ಅತ್ತವರು ಬೊಳ್ಳವ್ವ. ಹೊರಗೆ ಬಂದು ನನ್ನನ್ನು ಚೆನ್ನಾಗಿ ಬೈದರು: "ಇಂಥದ್ದನ್ನು ಯಾಕೆ ತರುವುದು ನೀವು? ಇನ್ನೊಂದು ಯಾವಾಗ?" ಮಾಲಕರಿಗೆ ಕಾಗದ ಹೋಯಿತು, ಉತ್ತರವೂ ಬಂತು. ಮಳೆ ಹಿಡಿಯುವ ತನಕ ಅಲ್ಲೇ ಇರಿ, ಮಳೆ ಬಿಟ್ಟ ಮೇಲೂ ಅಲ್ಲಿಗೇ ಹೋಗಿ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. 'ತೊಟ್ಟಿಲ ಹಗ್ಗ' ನಿಮ್ಮ ಕಡೆ ಬಂದರೆ ಬಿಡಬೇಡಿ. ಹೆತ್ತ ಕೂಸನ್ನು ಬಂಜೆ ಅಕ್ಕನಿಗೆ ಕೊಟ್ಟು ಅದೇ ಮನೆಯಲ್ಲಿ ಕೆಲಸದವಳಾಗಿ ಉಳಿಯುವ ತಂಗಿಯ ಕಥೆ. ಕೊನೆಯಲ್ಲಿ ಅವಳು ತೊಟ್ಟಿಲ ಹಗ್ಗ ಬಿಚ್ಚಿ ಮಡಿಸಿಡುವಾಗ ಹಾಡಿಲ್ಲ, ಮಾತಿಲ್ಲ, ಬರೀ ಅವಳ ಕೈ ಕಾಣುತ್ತದೆ. ಮಾತು ಬಿಟ್ಟ ಅಕ್ಕ ತಂಗಿಯರಿದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಹಸೀ ಬಾಣಂತಿಯರು ಹೋಗಬೇಡಿ. 'ಮಾವನ ಛತ್ರಿ'ಗೆ ಮಾವಂದಿರನ್ನೇ ಕರೆದೊಯ್ಯಿರಿ, ಆದರೆ ಮಕ್ಕಳ ಬಾಯಿಗೆ ಶೇಂಗಾ ಹಾಕಿ ಕೂರಿಸಬೇಡಿ, ನಕ್ಕು ನೆತ್ತಿಗೆ ಹತ್ತೀತು. ರಾಜಕುಮಾರಿಯೊಬ್ಬಳು ಹನ್ನೊಂದು ರೀಲು ಅಳುವ ಚಿತ್ರವೊಂದು ಬಂದಿದೆ, ದೊಡ್ಡ ದೊಡ್ಡ ಅರಮನೆ ಇದೆ, ಕುದುರೆ ಇದೆ, ಅಳುವುದಕ್ಕೆ ಕಾರಣ ಮಾತ್ರ ಇಲ್ಲ. ಅದಕ್ಕೆ ಹೋಗಬೇಡಿ, ಮನೆಯಲ್ಲಿ ಕೂತು ಈರುಳ್ಳಿ ಹೆಚ್ಚಿ. ಹರಿಗೋಲು ನಡೆಸುವ ಅಪ್ಪ, ಅವನ ಇಬ್ಬರು ಹೆಣ್ಣುಮಕ್ಕಳ ಚಿತ್ರವೊಂದಿದೆ. ಸದ್ದುಗದ್ದಲವಿಲ್ಲದ್ದು, ಅರ್ಧ ಮಂದಿ ಎದ್ದು ಹೋದರು. ನೀವು ಏಳಬೇಡಿ, ಕೊನೆಯ ರೀಲಿನಲ್ಲಿ ನಿಮಗೆ ಸಿಗಬೇಕಾದ್ದಿದೆ. ಒಂದು ಅಳುವ ಚಿತ್ರ ನೋಡಿದರೆ ಮರುವಾರ ಒಂದು ನಗುವ ಚಿತ್ರ ನೋಡಿ. ಎರಡು ಅಳುವ ಚಿತ್ರ ಒಂದರ ಹಿಂದೆ ಒಂದು ಬೇಡವೇ ಬೇಡ. ಇದನ್ನು ನಾನು ಗದ್ದೆಯಲ್ಲಿ ನಿಂತು ಕಲಿತವಳು.

ಅವ್ವನ ಕಾಗದ ಬರುತ್ತಲೇ ಇತ್ತು. ಬಾಣಂತನಕ್ಕೆ ಬರಬಹುದಿತ್ತು, ಗಾಡಿಯೂ ಇತ್ತು. ಬರಲಿಲ್ಲ. ಒಂದೊಂದು ಶನಿವಾರವೂ ತುಂಬಿದ ಟೆಂಟು ನನ್ನನ್ನು ಬಿಡಲಿಲ್ಲ, ನನಗೂ ಬಿಟ್ಟು ಬರುವ ಮನಸ್ಸಾಗಲಿಲ್ಲ. ಚೊಚ್ಚಲ ಹೆರಿಗೆಗೆ ಮಗಳು ಬರಲಿಲ್ಲ ಅಂತ ಅವ್ವ ನೊಂದುಕೊಂಡಿದ್ದಾಳೆ. ಇದನ್ನು ಯಾರಾದರೂ ಅವಳಿಗೆ ಓದಿ ಹೇಳುತ್ತೀರಲ್ಲ, ಆಗ ಈ ಸಾಲು ಬಿಡದೆ ಓದಿ: ಅವ್ವಾ, ನೋವು ಬಂದಾಗ ನಾನು ಕೂಗಿದ್ದು ನಿನ್ನನ್ನೇ.

ಹೂಮಳೆ ಬಿದ್ದು ಕಾಫಿ ಗಿಡಗಳೆಲ್ಲ ಬೆಳ್ಳಗೆ ಅರಳಿದ ವಾರ ಅದು. ಕೂಗಿಗೆ ಓಡಿ ಬಂದವರು ಬೊಳ್ಳವ್ವ. ಅವರೂ ತಮಿಳು ನೆರೆಯವಳೂ ಸೇರಿ ಹೆರಿಗೆ ಮಾಡಿಸಿದರು. ಬೆಳಿಗ್ಗೆ ಎಂಟರ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಬೊಳ್ಳವ್ವ ಕೂಸನ್ನು ಒರೆಸಿ ನನ್ನ ಪಕ್ಕ ಮಲಗಿಸಿ ಹೊರಗೆ ಹೋದರು. ನಾನು ಅದರ ಬೆರಳು ನೋಡುತ್ತಾ ಮಲಗಿದ್ದೆ.

ಹೊರಗೆ ಗುಂಡು ಹಾರಿತು.

ನಾನು ಕೂಸನ್ನು ಎದೆಗೆ ಎಳೆದುಕೊಂಡೆ. ನೆರೆಯವಳು ಬಾಗಿಲ ಕಡೆ ತಿರುಗಿದಳು. ಇಡೀ ಕಣಿವೆ ಎರಡನೆಯದಕ್ಕೆ ಕಿವಿಗೊಟ್ಟಿತ್ತು. ಎರಡನೆಯದು ಬರಲಿಲ್ಲ. ಆಮೇಲೆ ಬೆಟ್ಟದ ಆ ತುದಿಯಿಂದ ಯಾರೋ ಕೂಗಿದರು, ಈ ತುದಿಯಿಂದ ಯಾರೋ ಉತ್ತರ ಕೊಟ್ಟರು, ಕಾಲುದಾರಿಗಳಿಂದ ಮಂದಿ ಬರತೊಡಗಿದರು. ಈ ಸಲ ನಗುತ್ತಾ ಬಂದರು.

"ಗಂಡಾ?" ಅಂತ ಬಾಗಿಲಲ್ಲಿ ಒಬ್ಬರು ಕೇಳಿದ್ದು ಕೇಳಿಸಿತು.

"ಹೆಣ್ಣು" ಎಂದರು ಬೊಳ್ಳವ್ವ.

"ಹೆಣ್ಣಿಗೆ ಗುಂಡು ಹೊಡೆಯುವುದು ಎಲ್ಲಿಯ ಕ್ರಮ?"

"ಇದರ ಅವ್ವ ಎರಡು ಹೊಡೆದು ನನ್ನನ್ನು ಅಳಿಸಿದಳು. ನಾನು ಒಂದು ಹೊಡೆದೆ. ನಿಮಗೆಂತ? ಒಳಗೆ ಬಂದು ಕೂಸನ್ನು ನೋಡಿ, ಕುಂದರ್ರಿ."

ಅವರು ಒಳಗೆ ಬಂದಾಗ ಕೈಯಲ್ಲಿ ಅಣ್ಣನ ಕೋವಿ ಇತ್ತು. ಕೂಸು ಹುಟ್ಟುವ ಮೊದಲೇ ಐನ್‌ಮನೆಯಿಂದ ತರಿಸಿ ಬಾಗಿಲ ಹಿಂದೆ ಇಟ್ಟಿದ್ದರಂತೆ. ಸೆರಗಿಗೆ ಮದ್ದಿನ ವಾಸನೆ. ಅದೇ ಸೆರಗಿನಿಂದ ನನ್ನ ಮುಖ ಒರೆಸಿದರು.

ಬರುವ ತಿಂಗಳು ಕೂಸನ್ನು ತೊಟ್ಟಿಲಿಗೆ ಹಾಕಲು ಊರಿಗೆ ಬರುತ್ತಿದ್ದೇನೆ. ಅವ್ವನ ರೊಟ್ಟಿ ತಿನ್ನುತ್ತೇನೆ, ಬಯಲನ್ನು ಕಣ್ಣು ತುಂಬ ನೋಡುತ್ತೇನೆ, ಮಳೆ ಬಿಟ್ಟ ಮೇಲೆ ಇಲ್ಲಿಗೆ ತಿರುಗಿ ಬರುತ್ತೇನೆ. ಒಂದು ಮಾತು ಮೊದಲೇ ಹೇಳಿಡುತ್ತೇನೆ. ಅದು ಲಗ್ನದ ತಿಂಗಳು. ಯಾರದೋ ದಿಬ್ಬಣ ಬಂದು ಎರಡು ಗರ್ನಾಲು ಹಾರುತ್ತವೆ. ನೀವೆಲ್ಲ ಮದುಮಗನನ್ನು ನೋಡಲು ಓಡುತ್ತೀರಿ. ಆಗ ನಾನು ಕೈಯಲ್ಲಿರುವ ಕೆಲಸ ಬಿಟ್ಟು, ಚಪ್ಪಲಿ ಕೂಡ ಮೆಟ್ಟದೆ ಬಾಗಿಲಿಗೆ ಬಂದು, ಯಾರ ಮನೆಯಲ್ಲಿ ಅಂತ ಕೇಳುತ್ತೇನೆ. ನಗುವವರು ನಗಿ, ನಾನೂ ಹಾಗೆ ನಕ್ಕವಳೇ.